120 ಹರ್ಟ್ಜ್ ಟಿವಿ ನಿಜಕ್ಕೂ 120ರಲ್ಲಿ ಓಡುತ್ತಿದೆಯೇ? ಪರೀಕ್ಷಿಸುವ ಕ್ರಮ

ಕಾರವಾರವಿರಲಿ, ಶಿರಸಿಯಿರಲಿ, ಟಿವಿ ಅಂಗಡಿಗೆ ಹೋದವರಿಗೆ ಪೆಟ್ಟಿಗೆಯ ಮೇಲಿನ 60 ಹರ್ಟ್ಜ್, 120 ಹರ್ಟ್ಜ್ ಎಂಬ ಅಂಕಿಗಳು ಎದ್ದು ಕಾಣುತ್ತವೆ. ಪರದೆಯು ಸೆಕೆಂಡಿಗೆ ಎಷ್ಟು ಬಾರಿ ಚಿತ್ರವನ್ನು ಹೊಸದಾಗಿ ಮೂಡಿಸಬಲ್ಲದು ಎಂಬುದನ್ನು ಈ ಅಂಕಿ ಹೇಳುತ್ತದೆ. ಇದೇ ರಿಫ್ರೆಶ್ ರೇಟ್. ಆದರೆ ಹೆಚ್ಚು ಹಣ ತೆತ್ತು ತಂದ 120 ಹರ್ಟ್ಜ್ ಟಿವಿಗೆ ಮನೆಯಲ್ಲಿ 60 ಹರ್ಟ್ಜ್ ಸಿಗ್ನಲ್ ಮಾತ್ರ ಸಿಗುತ್ತಿರುವುದು ಅಪರೂಪವೇನಲ್ಲ. ಚಿತ್ರ ಕಳುಹಿಸುವ ಸಾಧನ, ಕೇಬಲ್, ಟಿವಿಯ ಪೋರ್ಟ್, ಸೆಟ್ಟಿಂಗ್ ಈ ನಾಲ್ಕರಲ್ಲಿ ಯಾವುದೊಂದು ಹಿಂದೆ ಬಿದ್ದರೂ ಉಳಿದ ಮೂರರ ಸಾಮರ್ಥ್ಯ ವ್ಯರ್ಥವಾಗುತ್ತದೆ.

ಮೊದಲು, ನೀವು ನೋಡುವುದೇನು ಎಂಬುದನ್ನು ಗಮನಿಸಿ. ಸಿನಿಮಾಗಳು ಸಾಮಾನ್ಯವಾಗಿ ಸೆಕೆಂಡಿಗೆ 24 ಚೌಕಟ್ಟುಗಳಲ್ಲಿ, ಅಂದರೆ 24 ಬಿಡಿ ಚಿತ್ರಗಳಲ್ಲಿ, ಚಿತ್ರಿತವಾಗಿರುತ್ತವೆ. 60 ಹರ್ಟ್ಜ್ ಪರದೆಯಲ್ಲಿ ಒಂದು ಚೌಕಟ್ಟನ್ನು ಎರಡು ಬಾರಿ, ಮುಂದಿನದನ್ನು ಮೂರು ಬಾರಿ ತೋರಿಸಿ ಲೆಕ್ಕ ಸರಿದೂಗಿಸಬೇಕಾಗುವುದರಿಂದ, ಕ್ಯಾಮೆರಾ ನಿಧಾನವಾಗಿ ಪಕ್ಕಕ್ಕೆ ಸರಿಯುವ ದೃಶ್ಯಗಳಲ್ಲಿ ಸಣ್ಣ ಎಳೆದಾಟ ಕಾಣುತ್ತದೆ. 120ರಲ್ಲಿ ಪ್ರತಿ ಚೌಕಟ್ಟೂ ಸಮನಾಗಿ ಐದು ಬಾರಿ ಮೂಡುವುದರಿಂದ ಆ ತೊಡಕಿಲ್ಲ. ಯೂಟ್ಯೂಬ್‌ನಲ್ಲಿ ಬಡಗುತಿಟ್ಟಿನ ಯಕ್ಷಗಾನ ನೋಡುವವರಿಗೆ ಮಾತ್ರ ಬೇರೆ ಮಾತು ಹೇಳಬೇಕು. ವಿಡಿಯೊವನ್ನು 25 ಅಥವಾ 30 ಚೌಕಟ್ಟುಗಳಲ್ಲಿ ಚಿತ್ರಿಸಿದ್ದರೆ, ಮಂಡಿ ಹಾಕಿ ಗಿರಗಿರನೆ ತಿರುಗುವ ವೇಷಧಾರಿಯ ಕೈಗಳು ಮಸುಕಾಗಿ ಎಳೆದಂತೆ ಕಾಣುವುದು ಕ್ಯಾಮೆರಾದಲ್ಲಿಯೇ ಆದದ್ದು. ಅದನ್ನು ಯಾವ ಟಿವಿಯೂ ಅಳಿಸಲಾರದು. 120 ಹರ್ಟ್ಜ್‌ನ ಪೂರ್ಣ ಪ್ರಯೋಜನ ಸಿಗುವುದು ಪ್ಲೇಸ್ಟೇಷನ್ 5ರಂತಹ ಸಾಧನದಲ್ಲಿ ಅಥವಾ ಕಂಪ್ಯೂಟರಿನಲ್ಲಿ ಆಟ ಆಡುವವರಿಗೆ. ಅಂದಹಾಗೆ, ‘ಮೋಷನ್ ರೇಟ್ 240’ ಎಂಬಂತಹ ಬರಹವನ್ನು ರಿಫ್ರೆಶ್ ರೇಟ್ ಎಂದು ಭಾವಿಸಬೇಡಿ; ಅದು ಚಲನೆಯನ್ನು ನಯವಾಗಿ ಕಾಣಿಸುವ ತಂತ್ರಕ್ಕೆ ಕಂಪನಿ ಕೊಟ್ಟ ಅಂಕಿ. ‘ನೇಟಿವ್ ರಿಫ್ರೆಶ್ ರೇಟ್ ಎಷ್ಟು?’ ಎಂದೇ, ಅಂದರೆ ಪರದೆಯ ಅಸಲಿ ದರ ಎಷ್ಟೆಂದೇ, ಅಂಗಡಿಯವರನ್ನು ಕೇಳಬೇಕು.

ಎರಡನೆಯದು ಪೋರ್ಟ್, ಅಂದರೆ ಕೇಬಲ್ ಸಿಕ್ಕಿಸುವ ಕಿಂಡಿ. ಚಿತ್ರ, ಧ್ವನಿ ಎರಡನ್ನೂ ಒಟ್ಟಿಗೆ ತರುವ ಎಚ್‌ಡಿಎಂಐ ಕಿಂಡಿಗಳೆಲ್ಲ ನೋಡಲು ಒಂದೇ ತೆರನಾಗಿದ್ದರೂ, ಅನೇಕ ಟಿವಿಗಳಲ್ಲಿ ಒಂದೋ ಎರಡೋ ಮಾತ್ರ 4ಕೆ ಚಿತ್ರವನ್ನು 120 ಹರ್ಟ್ಜ್‌ನಲ್ಲಿ ಸ್ವೀಕರಿಸುತ್ತವೆ. ಕಿಂಡಿಯ ಪಕ್ಕದಲ್ಲಿ ಅಥವಾ ಕೈಪಿಡಿಯಲ್ಲಿ ಅದು ನಮೂದಾಗಿರುತ್ತದೆ. ಕೆಲವು ಮಾದರಿಗಳಲ್ಲಿ ಅದೇ ಕಿಂಡಿ ಸೌಂಡ್‌ಬಾರ್‌ಗೆ ಟಿವಿಯ ಧ್ವನಿ ಕಳುಹಿಸುವ ‘ಇಆರ್ಕ್’ ಕಿಂಡಿಯೂ ಆಗಿರುವುದರಿಂದ, ಸೌಂಡ್‌ಬಾರ್ ಮತ್ತು 120 ಹರ್ಟ್ಜ್ ಸಾಧನ ಎರಡನ್ನೂ ಬಳಸುವವರು ಕೊಳ್ಳುವ ಮುನ್ನವೇ ವಿಚಾರಿಸುವುದು ಒಳ್ಳೆಯದು.

ಕೇಬಲ್ ವಿಷಯದಲ್ಲಿ ಗೊಂದಲ ಹೆಚ್ಚು. ಒಂದು ಸರಳ ಗುಣಾಕಾರ ಅದನ್ನು ಬಿಡಿಸುತ್ತದೆ. 4ಕೆ ಪರದೆಯಲ್ಲಿ 3840 ಅಡ್ಡ, 2160 ಉದ್ದ ಬಿಂದುಗಳಿವೆ. ಪ್ರತಿ ಬಿಂದುವಿನ ಬಣ್ಣಕ್ಕೆ 24 ಬಿಟ್, ಸೆಕೆಂಡಿಗೆ 120 ಚಿತ್ರ ಎಂದರೆ ಸೆಕೆಂಡಿಗೆ ಸುಮಾರು 24 ಗಿಗಾಬಿಟ್ ಮಾಹಿತಿ ಆಗುತ್ತದೆ. ‘ಪ್ರೀಮಿಯಂ ಹೈಸ್ಪೀಡ್’ ಕೇಬಲ್‌ನ ಮಿತಿ 18 ಗಿಗಾಬಿಟ್. 4ಕೆ 60ಕ್ಕೆ ಅದು ಸಾಕು, 120ಕ್ಕೆ ಸಾಲದು. ಅದಕ್ಕೆ 48 ಗಿಗಾಬಿಟ್ ಸಾಮರ್ಥ್ಯದ ‘ಅಲ್ಟ್ರಾ ಹೈಸ್ಪೀಡ್’ ಕೇಬಲ್ ಬೇಕು. ಪೊಟ್ಟಣದ ಮೇಲೆ ‘2.1’ ಎಂಬ ಆವೃತ್ತಿ ಸಂಖ್ಯೆ ಇರುವುದನ್ನಷ್ಟೇ ನಂಬದೆ, ಈ ಹೆಸರಿರುವ, ಸ್ಕ್ಯಾನ್ ಮಾಡಬಹುದಾದ ದೃಢೀಕರಣ ಚೀಟಿ ಇದೆಯೇ ಎಂದು ನೋಡಿ. ಬೆಲೆ ಹೆಚ್ಚಾದಷ್ಟು ಬಣ್ಣ ಸುಧಾರಿಸುತ್ತದೆ ಎಂಬ ಮಾತಿಗೆ ಆಧಾರವಿಲ್ಲ. ಡಿಜಿಟಲ್ ಸಿಗ್ನಲ್ ಸರಿಯಾಗಿ ತಲುಪಿದರೆ ಚಿತ್ರ ಪೂರ್ಣವಾಗಿ ಬರುತ್ತದೆ. ತಲುಪದಿದ್ದರೆ ಪರದೆಯಲ್ಲಿ ಬಿಳಿ ಚುಕ್ಕೆಗಳು ಮಿನುಗುತ್ತವೆ ಅಥವಾ ಚಿತ್ರ ಕ್ಷಣಕಾಲ ಕಪ್ಪಾಗುತ್ತದೆ. ಗೋಡೆಯೊಳಗೆ ಉದ್ದನೆಯ ಕೇಬಲ್ ಎಳೆಯುವುದಿದ್ದರೆ ಸಿಗ್ನಲನ್ನು ಬೆಳಕಿನ ರೂಪದಲ್ಲಿ ಸಾಗಿಸುವ ಆಪ್ಟಿಕಲ್ ಎಚ್‌ಡಿಎಂಐ ಕೇಬಲ್ ಸೂಕ್ತ. ಅದಕ್ಕೆ ದಿಕ್ಕಿದೆ: ಟಿವಿಗೆ ಜೋಡಿಸುವ ತುದಿಯ ಮೇಲೆ ಗುರುತಿರುತ್ತದೆ. ಪೈಪಿನೊಳಗೆ ಎಳೆಯುವ ಮೊದಲೇ ಒಮ್ಮೆ ಜೋಡಿಸಿ ಪರೀಕ್ಷಿಸಿ.

ಕಾರವಾರ, ಅಂಕೋಲಾ, ಕುಮಟಾದ ಕಡಲಂಚಿನ ಮನೆಗಳಲ್ಲಿ ಉಪ್ಪುಗಾಳಿಗೆ ಲೋಹದ ತುದಿಗಳು ಬೇಗ ಕಿಲುಬು ಹಿಡಿಯುತ್ತವೆ. ಚಿತ್ರ ಆಗಾಗ ಕಡಿಯುತ್ತಿದ್ದರೆ ವಿದ್ಯುತ್ ಆರಿಸಿ, ಕೇಬಲ್ ತೆಗೆದು ತುದಿಯನ್ನು ಬೆಳಕಿನಲ್ಲಿ ನೋಡಿ. ಹಸಿರು ಅಥವಾ ಬಿಳಿ ಪದರ ಕಂಡರೆ ಬದಲಿಸಿ. ಸಿಡಿಲಿನ ಸಮಯದಲ್ಲಿ ಸ್ವಿಚ್ ಆರಿಸಿದರೆ ಸಾಲದು. ಡಿಶ್ ತಂತಿಯಿಂದ ಸೆಟ್ ಟಾಪ್ ಬಾಕ್ಸ್‌ಗೆ, ಅಲ್ಲಿಂದ ಎಚ್‌ಡಿಎಂಐ ಮೂಲಕ ಟಿವಿಗೆ ಆಘಾತ ಹರಿಯಬಹುದಾದ್ದರಿಂದ, ಮೋಡ ಕವಿಯುವಾಗಲೇ ಪ್ಲಗ್ ಮತ್ತು ಡಿಶ್ ತಂತಿ ಎರಡನ್ನೂ ಕಳಚಿಡಬೇಕು.

ಕೊನೆಯದು ಸೆಟ್ಟಿಂಗ್. ಸ್ಯಾಮ್‌ಸಂಗ್ ಟಿವಿಗಳಲ್ಲಿ ‘ಇನ್‌ಪುಟ್ ಸಿಗ್ನಲ್ ಪ್ಲಸ್’, ಸೋನಿಯಲ್ಲಿ ‘ಎಚ್‌ಡಿಎಂಐ ಸಿಗ್ನಲ್ ಫಾರ್ಮ್ಯಾಟ್’ ಎಂಬ ಆಯ್ಕೆಯನ್ನು ಸಾಧನ ಜೋಡಿಸಿದ ಕಿಂಡಿಗೆ ಹೊಂದಿಸಬೇಕಾಗಬಹುದು. ವಿಂಡೋಸ್ ಲ್ಯಾಪ್‌ಟಾಪ್ ಜೋಡಿಸಿದ್ದರೆ, ಸೆಟ್ಟಿಂಗ್ಸ್‌ನ ಸಿಸ್ಟಮ್, ಡಿಸ್‌ಪ್ಲೇ, ಅಡ್ವಾನ್ಸ್ಡ್ ಡಿಸ್‌ಪ್ಲೇಗೆ ಹೋಗಿ 120 ಆಯ್ಕೆ ಮಾಡಿ. ಹಳೆಯ ಲ್ಯಾಪ್‌ಟಾಪ್‌ನ ಎಚ್‌ಡಿಎಂಐ 1.4 ಪೋರ್ಟ್ 4ಕೆಯಲ್ಲಿ 30ಕ್ಕೇ ನಿಲ್ಲುತ್ತದೆ. ಮೌಸ್ ಬಾಣ ತಡವರಿಸುವುದರಿಂದಲೇ ಅದು ತಿಳಿಯುತ್ತದೆ. 120ರಲ್ಲಿ ಕಡಿಯುವ ಚಿತ್ರವು 60ಕ್ಕೆ ಇಳಿಸಿದೊಡನೆ ಸ್ಥಿರವಾದರೆ ಮೊದಲು ಅನುಮಾನಿಸಬೇಕಾದದ್ದು ಕೇಬಲನ್ನು. ಮೆಕ್ಯಾನಿಕ್‌ಗೆ ಫೋನ್ ಮಾಡುವ ಮೊದಲು ಎರಡು ಮೀಟರಿನೊಳಗಿನ, ದೃಢೀಕೃತ ಕೇಬಲ್ ಹಾಕಿ ನೋಡಿ.