ಮಾತ್ರೆಗಿಂತ ಮೊದಲು ಕಲ್ಚರ್: ಮೂತ್ರದ ಸ್ಯಾಂಪಲ್ ಕೊಡುವುದು, ರಿಪೋರ್ಟ್ ಓದುವುದು ಹೇಗೆ?

ಮೂತ್ರ ಮಾಡುವಾಗ ಉರಿ. ಗಳಿಗೆಗೊಮ್ಮೆ ಅವಸರ, ಹೋದರೆ ನಾಲ್ಕೇ ಹನಿ. ಒಮ್ಮೆ ಅನುಭವಿಸಿದವರು ಮುಂದಿನ ಸಲ ತಾವೇ ಗುರುತು ಹಿಡಿಯುತ್ತಾರೆ. ಹೋದ ಸಲ ಉಳಿದ ಮಾತ್ರೆಗಾಗಿ ಕಪಾಟು ತಡಕುತ್ತಾರೆ.

ನನ್ನ ಅಕ್ಕ ಮಾಡಿದ್ದೂ ಅದನ್ನೇ. ಒಂದೇ ವರ್ಷದಲ್ಲಿ ಮೂರು ಸಲ ಉರಿಮೂತ್ರ, ಮೂರು ಸಲವೂ ಅದೇ ಮಾತ್ರೆ. ನಾಲ್ಕನೇ ಸಲ ಮಾತ್ರೆ ಕೆಲಸ ಮಾಡಲಿಲ್ಲ. ಚಳಿಜ್ವರ ಬಂತು, ಸೋಂಕು ಕಿಡ್ನಿಗೆ ಏರಿತ್ತು. ಆಗ ಮೊದಲ ಬಾರಿಗೆ ಕಲ್ಚರ್ ಮಾಡಿಸಿದರು, ಅಂದರೆ ಮೂತ್ರದಲ್ಲಿರುವ ಬ್ಯಾಕ್ಟೀರಿಯಾವನ್ನು ಲ್ಯಾಬಿನಲ್ಲಿ ಬೆಳೆಸಿ ಅದು ಯಾವ ಔಷಧಿಗೆ ಬಗ್ಗುತ್ತದೆ ಎಂದು ನೋಡುವ ಪರೀಕ್ಷೆ. ಅವಳು ನುಂಗುತ್ತಿದ್ದ ಔಷಧಿಯ ಹೆಸರಿನ ಮುಂದೆ 'ಆರ್' ಎಂದಿತ್ತು. ರೆಸಿಸ್ಟೆಂಟ್. ಅಂದರೆ ಆ ಮಾತ್ರೆಗೆ ಅವಳ ಸೋಂಕು ಬಗ್ಗುವುದಿಲ್ಲ.

'ದೇಹಕ್ಕೆ ಮಾತ್ರೆ ಒಗ್ಗಿಹೋಗಿದೆ' ಎಂದು ಎಷ್ಟೋ ಜನ ಹೇಳುತ್ತಾರೆ. ಒಗ್ಗಿದ್ದು ದೇಹಕ್ಕಲ್ಲ, ಬ್ಯಾಕ್ಟೀರಿಯಾಕ್ಕೆ. ಮೂತ್ರದ ಸೋಂಕು ತರುವುದು ಹೆಚ್ಚಾಗಿ ಇ. ಕೋಲಿ ಎಂಬ ಬ್ಯಾಕ್ಟೀರಿಯಾ. ಅದರ ಮನೆ ನಮ್ಮ ಕರುಳು. ಅಲ್ಲಿಂದ ಹೊರಬಂದು ಮೂತ್ರನಾಳ ಹತ್ತುತ್ತದೆ. ಹೆಂಗಸರ ಮೂತ್ರನಾಳ ಸುಮಾರು 4 ಸೆಂಟಿಮೀಟರ್ ಅಷ್ಟೇ, ಗಂಡಸರದು 20ರ ಹತ್ತಿರ. ಹಾಗಾಗಿ ಈ ಕಾಟ ಹೆಂಗಸರಿಗೇ ಜಾಸ್ತಿ. ಅರ್ಧದಷ್ಟು ಹೆಂಗಸರಿಗೆ ಜೀವನದಲ್ಲಿ ಒಮ್ಮೆಯಾದರೂ ಬರುತ್ತದೆ.

ನೆಗಡಿಗೋ ಗಂಟಲು ನೋವಿಗೋ ಸುಮ್ನೆ ಒಂದು ಆ್ಯಂಟಿಬಯೋಟಿಕ್ ನುಂಗಿದರೂ ಅದು ಕರುಳಿಗೆ ಹೋಗುತ್ತದೆ. ಅಲ್ಲಿ ಬಗ್ಗುವ ಬ್ಯಾಕ್ಟೀರಿಯಾ ಸಾಯುತ್ತವೆ. ಬಗ್ಗದವು ಉಳಿದು, ಖಾಲಿಯಾದ ಜಾಗದಲ್ಲಿ ಬೆಳೆಯುತ್ತವೆ, ತಿಂಗಳುಗಟ್ಟಲೆ ಅಲ್ಲೇ ಇರುತ್ತವೆ. ಔಷಧಿಯನ್ನು ತಡೆಯುವ ಜೀನ್‌ಗಳನ್ನು ಪಕ್ಕದ ಬ್ಯಾಕ್ಟೀರಿಯಾಕ್ಕೂ ದಾಟಿಸುತ್ತವೆ. ಮುಂದಿನ ಸಲ ಮೂತ್ರನಾಳ ಹತ್ತುವುದು ಇವೇ. ಇ. ಕೋಲಿಯಿಂದ ಬರುವ ಮೂತ್ರದ ಸೋಂಕುಗಳಲ್ಲಿ ಐದಕ್ಕೆ ಒಂದರಲ್ಲಿ ಆಂಪಿಸಿಲಿನ್, ಕೋ-ಟ್ರೈಮಾಕ್ಸಜೋಲ್, ಸಿಪ್ರೊಫ್ಲಾಕ್ಸಸಿನ್ ಬಗೆಯ ಮಾಮೂಲಿ ಔಷಧಿಗಳ ಬಲ ಕುಗ್ಗಿತ್ತು ಎಂದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಲೆಕ್ಕ ಹೇಳುತ್ತದೆ.

ಯಾವ ಮಾತ್ರೆ ನಡೆಯುತ್ತದೆ, ಯಾವುದು ನಡೆಯುವುದಿಲ್ಲ ಎಂದು ಉರಿಯ ಜೋರು ನೋಡಿ ಹೇಳಲು ಬರುವುದಿಲ್ಲ. ಹೇಳುವುದು ಕಲ್ಚರ್ ಪರೀಕ್ಷೆ.

1. ನಿಮಗೆ ಕಲ್ಚರ್ ಬೇಕೇ?

ಆರೋಗ್ಯವಾಗಿರುವ ಹೆಂಗಸಿಗೆ ಅಪರೂಪಕ್ಕೆ ಬಂದ ಸಾದಾ ಉರಿಮೂತ್ರಕ್ಕೆ ವೈದ್ಯರು ಕಲ್ಚರ್ ಇಲ್ಲದೆಯೇ ಔಷಧಿ ಕೊಡಬಹುದು, ಅದು ತಪ್ಪಲ್ಲ. ಆದರೆ 6 ತಿಂಗಳಲ್ಲಿ 2 ಸಲ ಅಥವಾ ವರ್ಷದಲ್ಲಿ 3 ಸಲ ಬಂದಿದ್ದರೆ, ಮಾತ್ರೆ ತೆಗೆದುಕೊಂಡರೂ ಕಡಿಮೆಯಾಗದಿದ್ದರೆ, ಇತ್ತೀಚೆಗೆ ಬೇರೆ ಯಾವುದಕ್ಕಾದರೂ ಆ್ಯಂಟಿಬಯೋಟಿಕ್ ನುಂಗಿದ್ದರೆ ಕಲ್ಚರ್ ಮಾಡಿಸಿ ಎಂದು ನೀವೇ ಕೇಳಿ. ಗರ್ಭಿಣಿಯರಿಗೆ, ಮಕ್ಕಳಿಗೆ, ಗಂಡಸರಿಗೆ ಇದು ಬೇಕೇ ಬೇಕು.

ಚಳಿಜ್ವರ, ಬೆನ್ನಿನ ಪಕ್ಕದಲ್ಲಿ ನೋವು, ವಾಂತಿ ಇದ್ದರೆ ಸೋಂಕು ಕಿಡ್ನಿಗೆ ಹೋಗಿರಬಹುದು. ಅಂದೇ ವೈದ್ಯರ ಹತ್ತಿರ ಹೋಗಿ. ನಾಳೆ ನೋಡೋಣ ಎನ್ನಬೇಡಿ.

2. ಸ್ಯಾಂಪಲ್ ಮೊದಲು, ಮಾತ್ರೆ ಆಮೇಲೆ

ಒಂದೇ ಒಂದು ಮಾತ್ರೆ ನುಂಗಿದರೂ ಮೂತ್ರದಲ್ಲಿ ಔಷಧಿ ಸೇರುತ್ತದೆ. ಲ್ಯಾಬಿನಲ್ಲಿ ಏನೂ ಬೆಳೆಯದೆ ಹೋಗಬಹುದು, ಆದರೆ ಸೋಂಕು ಒಳಗೇ ಇರುತ್ತದೆ. ಈಗಾಗಲೇ ನುಂಗಿದ್ದರೆ ಮುಚ್ಚಿಡಬೇಡಿ, ಯಾವ ಮಾತ್ರೆ, ಯಾವಾಗ ಎಂದು ಹೇಳಿ.

3. ಸ್ಯಾಂಪಲ್ ಹಿಡಿಯುವ ಕ್ರಮ

ಹೆಚ್ಚು ಎಡವಟ್ಟಾಗುವುದು ಇಲ್ಲೇ. ಡಬ್ಬಿ ಕೊಡುವವರು ಎಷ್ಟೋ ಸಲ ಹೇಗೆ ಹಿಡಿಯಬೇಕೆಂದು ಹೇಳುವುದಿಲ್ಲ. ಕೇಳಲು ನಮಗೂ ಸಂಕೋಚ, ಅಲ್ವಾ? ಹಾಗಾಗಿ ಬಿಡಿಸಿ ಬರೆಯುತ್ತೇನೆ.

ಲ್ಯಾಬ್ ಕೊಡುವ ಸ್ಟೆರೈಲ್ (ಸೂಕ್ಷ್ಮಜೀವಿಗಳಿಲ್ಲದ) ಡಬ್ಬಿಯೇ ಆಗಬೇಕು. ಮನೆಯ ಡಬ್ಬಿ ಎಷ್ಟೇ ತೊಳೆದಿದ್ದರೂ ಬೇಡ. ಸಾಧ್ಯವಾದರೆ ಬೆಳಗಿನ ಮೊದಲ ಮೂತ್ರ ಕೊಡಿ. ರಾತ್ರಿಯಿಡೀ ಮೂತ್ರಕೋಶದಲ್ಲಿ ನಿಂತಿದ್ದರಿಂದ ಬ್ಯಾಕ್ಟೀರಿಯಾ ಅದರಲ್ಲಿ ಚೆನ್ನಾಗಿ ಸಿಗುತ್ತವೆ. ಮೊದಲು ಕೈ ಸೋಪಿನಲ್ಲಿ ತೊಳೆಯಿರಿ. ಹೆಂಗಸರು ಯೋನಿಯ ತುಟಿಗಳನ್ನು ಬೆರಳಿನಿಂದ ಬಿಡಿಸಿ, ಮುಂದಿನಿಂದ ಹಿಂದಕ್ಕೆ ಶುದ್ಧ ನೀರಿನಿಂದ ಒರೆಸಿಕೊಳ್ಳಬೇಕು, ಮೂತ್ರ ಹಿಡಿದು ಮುಗಿಯುವವರೆಗೆ ಹಾಗೇ ಬಿಡಿಸಿಕೊಂಡಿರಬೇಕು. ಗಂಡಸರು ಮುಂದೊಗಲನ್ನು ಹಿಂದಕ್ಕೆ ಸರಿಸಿ ತೊಳೆಯಬೇಕು.

ಮೊದಲ ಧಾರೆಯನ್ನು ಡಬ್ಬಿಗೆ ಹಿಡಿಯಬೇಡಿ. ಚರ್ಮದ ಮೇಲಿನ ಬ್ಯಾಕ್ಟೀರಿಯಾ ಅದರ ಜೊತೆ ಹೋಗಿಬಿಡಲಿ. ನಡುವಿನ ಧಾರೆಯನ್ನು ಹಿಡಿಯಿರಿ, ಕೊನೆಯದನ್ನು ಮತ್ತೆ ಬಿಟ್ಟುಬಿಡಿ. ಡಬ್ಬಿಯ ಒಳಭಾಗಕ್ಕಾಗಲಿ ಮುಚ್ಚಳದ ಒಳಗಾಗಲಿ ಬೆರಳು ತಾಗಬಾರದು. ಮುಟ್ಟಾಗಿದ್ದರೆ ಲ್ಯಾಬಿನವರಿಗೆ ಹೇಳಿ.

ಇನ್ನು ಸಮಯ. ಹಿತವಾದ ಬಿಸಿಯಲ್ಲಿ ಇ. ಕೋಲಿ ಸುಮಾರು 20 ನಿಮಿಷಕ್ಕೆ ಒಂದು ಎರಡಾಗುತ್ತದೆ. ಆ ಲೆಕ್ಕದಲ್ಲಿ 2 ಗಂಟೆಗೆ ಒಂದು ಹೋಗಿ 64. ಡಬ್ಬಿಯಲ್ಲಿ ಹೀಗೆ ಬೆಳೆದರೆ ಇಲ್ಲದ ಸೋಂಕೂ ಇದ್ದಂತೆ ಕಾಣುತ್ತದೆ. 2 ಗಂಟೆಯೊಳಗೆ ಲ್ಯಾಬಿಗೆ ಮುಟ್ಟಿಸಿ. ಆಗದಿದ್ದರೆ ಫ್ರಿಜ್ಜಿನಲ್ಲಿಡಿ, ಫ್ರೀಜರ್‌ನಲ್ಲಿ ಅಲ್ಲ. ಅಲ್ಲಿ 24 ಗಂಟೆಯವರೆಗೆ ಇರಬಹುದು.

4. ಕಾಯುವ ದಿನಗಳು

ಬ್ಯಾಕ್ಟೀರಿಯಾ ಬೆಳೆಯಲು ಒಂದು ದಿನ ಬೇಕು. ಆಮೇಲೆ ಬೇರೆ ಬೇರೆ ಔಷಧಿಯ ಎದುರು ಅದನ್ನು ಬೆಳೆಸಿ ನೋಡಲು ಇನ್ನೊಂದು ದಿನ. ಒಟ್ಟು 2ರಿಂದ 3 ದಿನ. ಉರಿ ತಡೆಯಲಾಗದಿದ್ದರೆ ವೈದ್ಯರು ಸ್ಯಾಂಪಲ್ ತೆಗೆದುಕೊಂಡ ಮೇಲೆ ಅಂದಾಜಿನಲ್ಲಿ ಒಂದು ಔಷಧಿ ಶುರುಮಾಡುತ್ತಾರೆ, ರಿಪೋರ್ಟ್ ಬಂದ ಮೇಲೆ ಬೇಕಿದ್ದರೆ ಬದಲಿಸುತ್ತಾರೆ. ಹಾಗಾಗಿ ಗುಣವಾದಂತೆ ಅನಿಸಿದರೂ ರಿಪೋರ್ಟ್ ತಂದು ತೋರಿಸಿ.

5. ರಿಪೋರ್ಟ್ ಓದುವುದು

ಮೊದಲು ಬ್ಯಾಕ್ಟೀರಿಯಾದ ಹೆಸರು ನೋಡಿ. ಇ. ಕೋಲಿ, ಕ್ಲೆಬ್ಸಿಯೆಲ್ಲಾ, ಪ್ರೋಟಿಯಸ್, ಎಂಟೆರೊಕಾಕಸ್ ಹೀಗೆ ಯಾವುದಾದರೂ ಒಂದು ಇರುತ್ತದೆ. ಹೆಸರಿನ ಬದಲು 'ಮಿಕ್ಸೆಡ್ ಗ್ರೋತ್' ಅಥವಾ 'ಕಂಟ್ಯಾಮಿನೇಶನ್' ಎಂದಿದ್ದರೆ ಸ್ಯಾಂಪಲ್‌ಗೆ ಹೊರಗಿನ ಬ್ಯಾಕ್ಟೀರಿಯಾ ಸೇರಿರುವ ಸಾಧ್ಯತೆಯೇ ಜಾಸ್ತಿ. ಅದಕ್ಕೆ ಔಷಧಿ ಹುಡುಕುವ ಬದಲು ಮತ್ತೊಮ್ಮೆ ಸರಿಯಾಗಿ ಹಿಡಿದು ಕೊಡುವುದು ಲೇಸು.

ಆಮೇಲೆ ಎಣಿಕೆ. ಒಂದು ಮಿಲಿಲೀಟರ್ ಮೂತ್ರದಲ್ಲಿ 1 ಲಕ್ಷ ಬ್ಯಾಕ್ಟೀರಿಯಾ ಇದ್ದರೆ ಸೋಂಕು ಎಂಬುದು 1950ರ ದಶಕದಿಂದ ಬಂದ ಗಡಿ. ಉರಿ, ಅವಸರ ಇರುವ ಹೆಂಗಸಿನಲ್ಲಿ ಅದಕ್ಕಿಂತ ತುಂಬಾ ಕಡಿಮೆ ಇದ್ದರೂ ಸೋಂಕು ನಿಜವೇ ಇರಬಹುದು.

ಕೊನೆಗೆ ಔಷಧಿಗಳ ಪಟ್ಟಿ. 'ಎಸ್' ಎಂದರೆ ಔಷಧಿಗೆ ಬಗ್ಗುತ್ತದೆ, 'ಆರ್' ಎಂದರೆ ಬಗ್ಗುವುದಿಲ್ಲ. 'ಐ' ಕಂಡರೆ ವೈದ್ಯರನ್ನೇ ಕೇಳಿ. ಕೆಲವು ಲ್ಯಾಬ್‌ಗಳಲ್ಲಿ ಅದರ ಅರ್ಥ ಡೋಸ್ ಹೆಚ್ಚಿಸಿದರೆ ಕೆಲಸ ಮಾಡುತ್ತದೆ ಎಂದು. ಪಕ್ಕದಲ್ಲಿ ಎಂಐಸಿ (ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯಲು ಬೇಕಾದ ಔಷಧಿಯ ಕನಿಷ್ಠ ಪ್ರಮಾಣ) ಎಂಬ ಅಂಕಿ ಇದ್ದರೆ, ಯಾವ ಔಷಧಿಯದ್ದು ಚಿಕ್ಕದೋ ಅದೇ ಒಳ್ಳೆಯದು ಎಂದು ತಿಳಿಯಬೇಡಿ. ಪ್ರತಿ ಔಷಧಿಗೂ ಗಡಿ ಬೇರೆ, ಒಂದರ ಅಂಕಿಯನ್ನು ಇನ್ನೊಂದಕ್ಕೆ ಹೋಲಿಸಲಾಗದು.

'ಎಸ್' ಇರುವುದೆಲ್ಲ ನಿಮಗೆ ಹೊಂದುತ್ತದೆ ಎಂದೂ ಅಲ್ಲ. ನೈಟ್ರೊಫ್ಯುರಾಂಟೊಯಿನ್ 1950ರ ದಶಕದ ಹಳೆಯ ಔಷಧಿ. ಇಷ್ಟು ವರ್ಷವಾದರೂ ಇ. ಕೋಲಿಯ ಮೇಲೆ ಅದರ ಬಲ ಬಹಳಷ್ಟು ಉಳಿದಿದೆ. ನನಗೆ ಅದೊಂದು ದೊಡ್ಡ ಸಮಾಧಾನ. ಆದರೆ ಅದು ಮೂತ್ರದಲ್ಲಿ ಮಾತ್ರ ದಟ್ಟವಾಗಿ ಸೇರುತ್ತದೆ, ಕಿಡ್ನಿಯ ಮಾಂಸಕ್ಕೆ ಸಾಕಷ್ಟು ತಲುಪುವುದಿಲ್ಲ. ಜ್ವರ ಬಂದು ಸೋಂಕು ಕಿಡ್ನಿಗೆ ಏರಿದ್ದರೆ ರಿಪೋರ್ಟಿನಲ್ಲಿ 'ಎಸ್' ಇದ್ದರೂ ಸಾಲದು.

'ಇಎಸ್‌ಬಿಎಲ್' ಎಂಬ ಪದ ಕಂಡರೆ ಗಾಬರಿಯಾಗಬೇಡಿ. ಪೆನಿಸಿಲಿನ್ ಮತ್ತು ಸೆಫಲೊಸ್ಪೊರಿನ್ ಗುಂಪಿನ ಹೆಚ್ಚಿನ ಔಷಧಿಗಳನ್ನು ಒಡೆದುಹಾಕುವ ಕಿಣ್ವ ಆ ಬ್ಯಾಕ್ಟೀರಿಯಾದಲ್ಲಿದೆ ಎಂದು ಅರ್ಥ. ಮೂತ್ರಕೋಶದಲ್ಲೇ ಇರುವ ಇಂಥ ಸೋಂಕಿಗೆ ಎಷ್ಟೋ ಸಲ ನೈಟ್ರೊಫ್ಯುರಾಂಟೊಯಿನ್ ಅಥವಾ ಫಾಸ್ಫೊಮೈಸಿನ್ ಸಾಕಾಗುತ್ತದೆ.

6. ಎಷ್ಟು ದಿನ ನುಂಗಬೇಕು?

ವೈದ್ಯರು ಬರೆದಷ್ಟು ದಿನ. ಅದಕ್ಕಿಂತ ಕಡಿಮೆಯೂ ಬೇಡ, ಜಾಸ್ತಿಯೂ ಬೇಡ. ಹೆಂಗಸರ ಸಾದಾ ಉರಿಮೂತ್ರಕ್ಕೆ ನೈಟ್ರೊಫ್ಯುರಾಂಟೊಯಿನ್ ಸಾಮಾನ್ಯವಾಗಿ 5 ದಿನ, ಫಾಸ್ಫೊಮೈಸಿನ್ 3 ಗ್ರಾಂ ಒಂದೇ ಸಲ. ಉಳಿದ ಮಾತ್ರೆಯನ್ನು ಕಪಾಟಿಗೆ ಸೇರಿಸಬೇಡಿ, ಯಾರಿಗೂ ಕೊಡಬೇಡಿ.

7. ಮತ್ತೆ ಪರೀಕ್ಷೆ ಬೇಕೇ?

ಉರಿ ನಿಂತಿದ್ದರೆ ಹೆಚ್ಚಿನವರಿಗೆ ಬೇಡ. ವಯಸ್ಸಾದವರಲ್ಲಿ, ಕ್ಯಾಥೆಟರ್ (ಮೂತ್ರ ಹೊರಬರಲು ಹಾಕುವ ನಳಿಕೆ) ಇರುವವರಲ್ಲಿ ಯಾವ ತೊಂದರೆಯೂ ಇಲ್ಲದೆ ಮೂತ್ರದಲ್ಲಿ ಬ್ಯಾಕ್ಟೀರಿಯಾ ಇರುವುದುಂಟು. ಅದು ಸೋಂಕಲ್ಲ. ಮೂತ್ರ ಮಬ್ಬಾಗಿದೆ, ವಾಸನೆ ಬರುತ್ತಿದೆ ಎಂಬುದಷ್ಟಕ್ಕೇ ಆ್ಯಂಟಿಬಯೋಟಿಕ್ ಕೊಟ್ಟರೆ ಬಗ್ಗದ ಬ್ಯಾಕ್ಟೀರಿಯಾವನ್ನು ನಾವೇ ಸಾಕಿದಂತೆ. ಗರ್ಭಿಣಿಯರ ವಿಷಯ ಬೇರೆ. ಅವರಿಗೆ ತೊಂದರೆ ಇಲ್ಲದಿದ್ದರೂ ಚಿಕಿತ್ಸೆ ಬೇಕು. ಮೂತ್ರನಾಳದ ಕೆಲವು ಆಪರೇಷನ್‌ಗೆ ಮುಂಚೆಯೂ ಅಷ್ಟೆ.

ಮತ್ತೆ ಮತ್ತೆ ಬರುವವರು ನೀರು ಜಾಸ್ತಿ ಕುಡಿಯಿರಿ. ಕಡಿಮೆ ನೀರು ಕುಡಿಯುತ್ತಿದ್ದ ಹೆಂಗಸರು ದಿನಕ್ಕೆ ಒಂದೂವರೆ ಲೀಟರ್ ಹೆಚ್ಚಿಗೆ ಕುಡಿದಾಗ ವರ್ಷದಲ್ಲಿ ಸೋಂಕು ಬರುವುದು ಅರ್ಧದಷ್ಟಕ್ಕೆ ಇಳಿದದ್ದು 2018ರ ಒಂದು ಅಧ್ಯಯನದಲ್ಲಿ ಕಂಡಿದೆ. ಮುಟ್ಟು ನಿಂತವರು ಯೋನಿಗೆ ಹಚ್ಚುವ ಈಸ್ಟ್ರೊಜೆನ್ ಕ್ರೀಮಿನ ಬಗ್ಗೆ ವೈದ್ಯರನ್ನು ಕೇಳಿ.

ರಿಪೋರ್ಟನ್ನು ಮಾತ್ರ ಎಸೆಯಬೇಡಿ. ಒಂದು ಫೋಟೊ ತೆಗೆದು ಫೋನಿನಲ್ಲಿಡಿ, ತೆಗೆದುಕೊಂಡ ಔಷಧಿಯ ಹೆಸರು, ತಾರೀಖು ಜೊತೆಗೆ ಬರೆದಿಡಿ. ಹೋದ ಸಲ ಯಾವುದರ ಮುಂದೆ 'ಆರ್' ಇತ್ತು ಎಂದು ಗೊತ್ತಿದ್ದರೆ, ಮುಂದಿನ ರಿಪೋರ್ಟ್ ಬರುವ ಮುಂಚೆಯೇ ವೈದ್ಯರು ಆ ಔಷಧಿಯನ್ನು ಬಿಟ್ಟು ಬೇರೆಯದನ್ನು ಶುರುಮಾಡಬಹುದು. ಅಕ್ಕನ ಫೋನಿನಲ್ಲಿ ಈಗ ಅಂಥ ಎರಡು ಫೋಟೊ ಇವೆ.