ತುತ್ತತುದಿಯಲ್ಲಿ ಚೆಂಡು

ಬಿಎಸ್ಸಿ ಮೊದಲ ವರ್ಷದವರಿಗೆ ಫಿಸಿಕ್ಸ್ ಹೇಳಿಕೊಡುತ್ತೇನೆ. ಬಹಳ ವರ್ಷ ಬೋರ್ಡ್ ತುಂಬಾ ಬರೆದು, ನೋಟ್ಸ್ ಹೇಳಿ ಬರೆಸಿಯೇ ಪಾಠ ಮಾಡಿದವನು. ಲೆಕ್ಕ ಕೊಟ್ಟರೆ ಹುಡುಗರು ಸೂತ್ರ ಹಾಕಿ ಬಿಡಿಸುತ್ತಿದ್ದರು. ‘ಯಾಕೆ ಹಾಗೆ?’ ಅಂತ ಕೇಳಿದರೆ ಮಾತ್ರ ಇಡೀ ಕ್ಲಾಸ್ ತಲೆ ತಗ್ಗಿಸುತ್ತಿತ್ತು.

ಹಾರ್ವರ್ಡ್‌ನ ಭೌತಶಾಸ್ತ್ರದ ಮೇಷ್ಟ್ರು ಎರಿಕ್ ಮಜೂರ್ ಅವರಿಗೂ ಇದೇ ಅನುಭವ ಆಗಿತ್ತು. 1991ರಲ್ಲಿ ಅವರು ಶುರು ಮಾಡಿದ ಕ್ರಮ ಸರಳ. ಒಂದು ಪ್ರಶ್ನೆ ಕೇಳಬೇಕು. ಎಲ್ಲರೂ ತಾವೇ ಯೋಚಿಸಿ ಉತ್ತರ ತೋರಿಸಬೇಕು. ಆಮೇಲೆ ಪಕ್ಕದವರ ಜೊತೆ ವಾದ, ಮತ್ತೆ ಉತ್ತರ. ನಾನು ಬಣ್ಣದ ಹಾಳೆ ಕತ್ತರಿಸಿ, ಒಂದೊಂದು ಉತ್ತರಕ್ಕೆ ಒಂದೊಂದು ಬಣ್ಣದಂತೆ, ಒಬ್ಬೊಬ್ಬರಿಗೂ ನಾಲ್ಕು ಚೀಟಿ ಕೊಟ್ಟೆ.

ಮೊದಲ ಪ್ರಶ್ನೆ: ಚೆಂಡನ್ನು ನೇರ ಮೇಲಕ್ಕೆ ಎಸೆದಿದ್ದೇವೆ, ತುತ್ತತುದಿಯಲ್ಲಿ ಅದರ ಆಕ್ಸಿಲರೇಶನ್, ಅಂದರೆ ವೇಗ ಬದಲಾಗುವ ದರ, ಎಷ್ಟು? ಅರ್ಧಕ್ಕಿಂತ ಜಾಸ್ತಿ ಜನ ‘ಸೊನ್ನೆ’ಯ ಕೆಂಪು ಚೀಟಿ ಎತ್ತಿದರು. ಆ ಪಾಠ ಹಿಂದಿನ ವಾರವಷ್ಟೇ ಮುಗಿಸಿದ್ದೆ! ಉತ್ತರ ಹೇಳಿಬಿಡೋಣ ಅನಿಸಿತು, ತಡೆದುಕೊಂಡೆ. ‘ಮೂರು ನಿಮಿಷ, ಪಕ್ಕದವರನ್ನು ಒಪ್ಪಿಸಿ’ ಅಂದೆ. ಮೊದಲು ಪಿಸುಮಾತು, ಆಮೇಲೆ ಸಂತೆ. ಒಂದು ದಿನವೂ ಕೈ ಎತ್ತದ ಹುಡುಗಿಯೊಬ್ಬಳು ಗೆಳತಿಗೆ ಹೇಳುತ್ತಿದ್ದಳು: ‘ವೇಗ ಸೊನ್ನೆ ಕಣೇ. ಆಕ್ಸಿಲರೇಶನ್ನೂ ಸೊನ್ನೆ ಆದ್ರೆ ಚೆಂಡು ಅಲ್ಲೇ ನಿಂತುಬಿಡ್ತಿತ್ತು, ಕೆಳಗೆ ಹೇಗೆ ಬೀಳುತ್ತೆ?’ ಇದಕ್ಕಿಂತ ಚೆನ್ನಾಗಿ ಯಾರು ವಿವರಿಸಲು ಸಾಧ್ಯ? ಅದೂ ಕನ್ನಡದಲ್ಲಿ. ಎರಡನೇ ಸಲ ಕೆಂಪು ಚೀಟಿ ಬೆರಳೆಣಿಕೆಯಷ್ಟೇ ಇದ್ದವು.

ಸರಿಯಾದ ಪ್ರಶ್ನೆ ಹುಡುಕುವುದೇ ದೊಡ್ಡ ಕೆಲಸ. ತೀರಾ ಸುಲಭವಾದರೆ ವಾದವೇ ಹುಟ್ಟುವುದಿಲ್ಲ. ಯಾರಿಗೂ ಗೊತ್ತಿಲ್ಲದಿದ್ದರೆ ತಪ್ಪೇ ಹಬ್ಬುತ್ತದೆ. ಮೊದಲ ಸುತ್ತಿನಲ್ಲಿ ನೂರಕ್ಕೆ 30ರಿಂದ 70 ಮಂದಿ ಸರಿ ಹೇಳಿದರೆ ಅದು ಹದ. ಅದಕ್ಕಿಂತ ಕಡಿಮೆ ಬಂದರೆ ನಾನೇ ಇನ್ನೊಮ್ಮೆ ವಿವರಿಸುತ್ತೇನೆ.

‘ಸರ್ ಪಾಠಾನೇ ಮಾಡಲ್ಲ, ಸುಮ್ನೆ ನಮ್ಮನ್ನೇ ಮಾತಾಡಿಸ್ತಾರೆ’ ಅನ್ನುವ ದೂರೂ ಬಂತು. 2019ರಲ್ಲಿ ಪ್ರಕಟವಾದ ಹಾರ್ವರ್ಡ್ ಅಧ್ಯಯನದಲ್ಲೂ ಹೀಗೇ ಆಗಿತ್ತು. ತಾವೇ ಮಾಡಿ ಕಲಿತವರು ಪರೀಕ್ಷೆಯಲ್ಲಿ ಮುಂದಿದ್ದರು, ಆದರೆ ಕಡಿಮೆ ಕಲಿತೆವು ಅಂತ ಅವರಿಗೆ ಅನಿಸಿತ್ತು. ವಿಜ್ಞಾನ, ಗಣಿತ, ಎಂಜಿನಿಯರಿಂಗ್ ತರಗತಿಗಳ 225 ಅಧ್ಯಯನಗಳನ್ನು 2014ರಲ್ಲಿ ಒಟ್ಟಿಗೆ ನೋಡಿದಾಗ, ಬರೀ ಲೆಕ್ಚರ್ ಇದ್ದ ಕಡೆ ಫೇಲಾದವರು ನೂರಕ್ಕೆ ಸುಮಾರು 34. ಹುಡುಗರೇ ಯೋಚಿಸಿ, ಚರ್ಚಿಸಿ ಕಲಿಯುವ ತರಗತಿಗಳಲ್ಲಿ 22. ಈ ಎರಡು ಅಂಕಿ ಬೋರ್ಡ್ ಮೇಲೆ ಬರೆದು ತೋರಿಸಿದೆ. ಹುಡುಗರು ಒಪ್ಪಿದರು, ಆದರೆ ವಾರಕ್ಕೊಂದು ಪೀರಿಯಡ್ ನೋಟ್ಸ್‌ಗೇ ಬೇಕು ಅಂದರು. ಈಗಲೂ ಶನಿವಾರದ ಪೀರಿಯಡ್ ಅದಕ್ಕೇ ಇಟ್ಟಿದ್ದೇನೆ.