ಅನುಭವಿ ಪ್ರೋಗ್ರಾಮರ್ ಆ್ಯಪ್ ಕಲಿಯುವ ಬಗೆ: ಭಾಷೆಗಿಂತ ಮೊದಲು ಫೋನಿನ ಸ್ವಭಾವ

ಹತ್ತು ಹದಿನೈದು ವರ್ಷ ಸರ್ವರ್‌ಗಳಿಗಾಗಿ ಜಾವಾ ಬರೆದು ಪಳಗಿದವರು ಆಂಡ್ರಾಯ್ಡ್ ಆ್ಯಪ್ ಕಲಿಯಲು ಕುಳಿತರೆ, ಕೋಟ್ಲಿನ್ ಭಾಷೆಯ ಪಾಠಗಳಲ್ಲೇ ತಿಂಗಳುಗಟ್ಟಲೆ ಕಳೆದುಬಿಡುವುದುಂಟು. ಗೂಗಲ್ 2017ರಲ್ಲಿ ಈ ಭಾಷೆಗೆ ಅಧಿಕೃತ ಬೆಂಬಲ ಘೋಷಿಸಿ, 2019ರಿಂದ ಇದಕ್ಕೇ ಮೊದಲ ಆದ್ಯತೆ ಕೊಟ್ಟಿರುವುದರಿಂದ ಇದನ್ನು ಕಲಿಯಲೇಬೇಕು, ನಿಜ. ಆದರೆ ಜಾವಾ ಬಲ್ಲವರಿಗೆ ಆರಂಭಕ್ಕೆ ಒಂದು ವಾರ ಸಾಕು. ಹೊಸದಾಗಿ ಕಲಿಯಬೇಕಾದದ್ದು ಬೇರೆಯೇ ಇದೆ. ಸರ್ವರ್‌ನಲ್ಲಿ ಪ್ರೋಗ್ರಾಂ ಯಾವಾಗ ಶುರುವಾಗಬೇಕು, ಯಾವಾಗ ನಿಲ್ಲಬೇಕು ಎಂಬುದು ಬಹುಮಟ್ಟಿಗೆ ನಮ್ಮ ಕೈಯಲ್ಲಿರುತ್ತದೆ. ಫೋನಿನಲ್ಲಿ ಆ ಅಧಿಕಾರ ಆಪರೇಟಿಂಗ್ ಸಿಸ್ಟಂನದು.

ಮೊದಲು ಆ್ಯಪ್ ಬರೆಯುವ ತಂತ್ರಾಂಶವಾದ ಆಂಡ್ರಾಯ್ಡ್ ಸ್ಟುಡಿಯೋವನ್ನು ಕಂಪ್ಯೂಟರಿಗೆ ಹಾಕಿಕೊಳ್ಳಿ. ಕಂಪ್ಯೂಟರಿನಲ್ಲೇ ಫೋನನ್ನು ಅನುಕರಿಸುವ ಎಮ್ಯುಲೇಟರ್ ಬದಲು ಮನೆಯಲ್ಲಿರುವ ಹಳೆಯ ಫೋನನ್ನೇ ಬಳಸಿ: ಸೆಟ್ಟಿಂಗ್ಸ್‌ನಲ್ಲಿ ಬಿಲ್ಡ್ ನಂಬರ್ ಮೇಲೆ 7 ಸಲ ಒತ್ತಿದರೆ ಡೆವಲಪರ್ ಆಯ್ಕೆಗಳು ತೆರೆದುಕೊಳ್ಳುತ್ತವೆ, ಕಂಪ್ಯೂಟರಿನಿಂದ ಕೇಬಲ್ ಮೂಲಕ ಆ್ಯಪ್ ಓಡಿಸಿ ಪರೀಕ್ಷಿಸಲು ಅಲ್ಲಿ ಯುಎಸ್‌ಬಿ ಡಿಬಗಿಂಗ್ ಆನ್ ಮಾಡಿ.

ಮೊದಲ ಆ್ಯಪ್ ಚಿಕ್ಕದಾಗಿರಲಿ, ಆದರೆ ಮನೆಯಲ್ಲಿ ಯಾರಿಗಾದರೂ ನಿಜಕ್ಕೂ ಬೇಕಾದದ್ದಾಗಿರಲಿ. ದಿನದ ಹಾಲಿನ ಲೆಕ್ಕ ಒಳ್ಳೆಯ ವಿಷಯ: ದಿನಾಂಕ, ಎಷ್ಟು ಲೀಟರ್, ದರ, ಉಳಿಸುವ ಬಟನ್, ಇಷ್ಟೇ. ಪರದೆಯನ್ನು 2021ರಲ್ಲಿ ಸ್ಥಿರ ಆವೃತ್ತಿ ಕಂಡ, ಕೋಟ್ಲಿನ್‌ನಲ್ಲೇ ಪರದೆ ರೂಪಿಸುವ ಜೆಟ್‌ಪ್ಯಾಕ್ ಕಂಪೋಸ್‌ನಲ್ಲಿ ಬರೆಯಿರಿ. ಪರದೆಯ ವಿನ್ಯಾಸವನ್ನು ಬೇರೆ ಕಡತದಲ್ಲಿ ಬರೆಯುವ ಹಳೆಯ ಎಕ್ಸ್‌ಎಂಎಲ್ ವಿಧಾನ ಕೆಲಸಕ್ಕೆ ಬಂದಾಗ ಕಲಿತರಾಯಿತು.

ಈಗ ಲೀಟರ್ ಜಾಗದಲ್ಲಿ 2.5 ಎಂದು ಟೈಪ್ ಮಾಡಿ, ಉಳಿಸದೆ, ಫೋನನ್ನು ಅಡ್ಡ ಹಿಡಿಯಿರಿ. ಮೌಲ್ಯವನ್ನು ನೆನಪಿಡಲು ಕಂಪೋಸ್‌ನ ಬರೀ ‘ರಿಮೆಂಬರ್’ ಬಳಸಿದ್ದರೆ ಸಂಖ್ಯೆ ಮಾಯವಾಗಿರುತ್ತದೆ. ಪರದೆ ತಿರುಗಿದಾಗ ಆಂಡ್ರಾಯ್ಡ್ ಸಾಮಾನ್ಯವಾಗಿ ಆ ಪರದೆಯನ್ನು ಹೊತ್ತ ಆಕ್ಟಿವಿಟಿ ಎಂಬ ಘಟಕವನ್ನು ನಾಶಮಾಡಿ ಹೊಸದಾಗಿ ಕಟ್ಟುತ್ತದೆ. ಪಾಠ ಇಲ್ಲಿಂದಲೇ ಶುರು. ಆ ಸಂಖ್ಯೆಯನ್ನು, ಪರದೆಯ ಮಾಹಿತಿಯನ್ನು ಆಕ್ಟಿವಿಟಿಯ ಹೊರಗೆ ಇಟ್ಟುಕೊಳ್ಳುವ ವ್ಯೂಮಾಡೆಲ್‌ಗೆ ಸರಿಸಿದರೆ ಪರದೆ ತಿರುಗಿದರೂ ಅದು ಉಳಿಯುತ್ತದೆ. ಅಷ್ಟಕ್ಕೇ ಸಮಾಧಾನಪಡಬೇಡಿ: ಹೋಮ್ ಒತ್ತಿ ಆ್ಯಪನ್ನು ಹಿನ್ನೆಲೆಗೆ ಕಳುಹಿಸಿ, ಕಂಪ್ಯೂಟರಿನಿಂದ ಫೋನಿಗೆ ಆದೇಶ ಕೊಡುವ ಎಡಿಬಿ ಸಾಧನದ ‘ಆ್ಯಮ್ ಕಿಲ್’ (am kill) ಆದೇಶದಿಂದ ಅದರ ಪ್ರಕ್ರಿಯೆಯನ್ನು (ಪ್ರೋಸೆಸ್) ಕೊಂದು, ಇತ್ತೀಚೆಗೆ ಬಳಸಿದ ಆ್ಯಪ್‌ಗಳ ಪಟ್ಟಿಯಿಂದ ಮತ್ತೆ ತೆರೆಯಿರಿ. ವ್ಯೂಮಾಡೆಲ್ ಕೂಡ ಹೋಗಿರುತ್ತದೆ. ಮೆಮೊರಿ ಸಾಲದಾದಾಗ ಬಳಕೆದಾರರ ಫೋನಿನಲ್ಲಿ ನಡೆಯುವುದೂ ಇದೇ. ಅರ್ಧ ಟೈಪ್ ಮಾಡಿದ ಅಕ್ಷರಗಳಿಗೆ, ಪ್ರಕ್ರಿಯೆ ಸತ್ತರೂ ಮೌಲ್ಯವನ್ನು ಮರಳಿಸುವ ‘ರಿಮೆಂಬರ್ ಸೇವಬಲ್’, ಉಳಿಸಿದ ಲೆಕ್ಕಕ್ಕೆ ಫೋನಿನಲ್ಲೇ ಇರುವ ರೂಮ್ ಡೇಟಾಬೇಸ್ ಎಂದು ಯಾವುದು ಎಲ್ಲಿರಬೇಕೆಂಬ ವಿವೇಚನೆ ಬರುವವರೆಗೆ ಮುಂದಿನ ಪರದೆಗೆ ಕೈ ಹಾಕಬಾರದೆಂಬುದು ನನ್ನ ಖಚಿತ ಅಭಿಪ್ರಾಯ.

ಎರಡನೆಯ ಎಡವು ಮುಖ್ಯ ಥ್ರೆಡ್‌ನದು, ಅಂದರೆ ಆ್ಯಪಿನ ಕೆಲಸಗಳು ಒಂದರ ಹಿಂದೊಂದು ಸಾಗುವ ಮುಖ್ಯ ಎಳೆಯದು. ಪರದೆ ಬಿಡಿಸುವುದೂ ಬೆರಳ ಸ್ಪರ್ಶಕ್ಕೆ ಉತ್ತರಿಸುವುದೂ ಅದೊಂದೇ. ಅದನ್ನು ತಡೆದು ಸ್ಪರ್ಶಕ್ಕೆ 5 ಸೆಕೆಂಡ್ ಉತ್ತರ ಬಾರದಿದ್ದರೆ, ಆ್ಯಪ್ ಸ್ಪಂದಿಸುತ್ತಿಲ್ಲವೆಂದು ಸಿಸ್ಟಂ ತೀರ್ಮಾನಿಸುತ್ತದೆ. ನೆಟ್‌ವರ್ಕ್ ಮತ್ತು ಡೇಟಾಬೇಸ್ ಕೆಲಸಗಳನ್ನು ಕೋಟ್ಲಿನ್‌ನಲ್ಲಿ ಕೆಲಸವನ್ನು ತಡೆದು ಮುಂದುವರಿಸಬಲ್ಲ ಕೋರೂಟೀನ್ ಮೂಲಕ ಬೇರೆ ಥ್ರೆಡ್‌ಗೆ ಕಳುಹಿಸಿ. ಸರ್ವರ್‌ನಲ್ಲಿ ಥ್ರೆಡ್‌ಗಳೊಡನೆ ಏಗಿದವರಿಗೆ ಇದು ಕಷ್ಟವಾಗದು.

ಕ್ಯಾಮೆರಾ, ಲೊಕೇಶನ್ ಮೊದಲಾದ ಅನುಮತಿಗಳನ್ನು 2015ರ ಆಂಡ್ರಾಯ್ಡ್ 6ರಿಂದೀಚೆಗೆ ಆ್ಯಪ್ ಓಡುತ್ತಿರುವಾಗಲೇ ಕೇಳಬೇಕು, ಬಳಕೆದಾರರು ನಿರಾಕರಿಸಿದರೂ ಆ್ಯಪ್ ಕೆಟ್ಟು ನಿಲ್ಲಬಾರದು. ಹಾಲಿನ ಲೆಕ್ಕಕ್ಕೆ ಇವು ಯಾವುವೂ ಬೇಡ, ಬೇಡದ್ದನ್ನು ಕೇಳಲೇಬೇಡಿ.

ಪ್ಲೇ ಸ್ಟೋರ್ ನೋಂದಣಿಗೆ ಒಂದು ಬಾರಿಯ ಶುಲ್ಕ 25 ಡಾಲರ್. 2023ರ ನವೆಂಬರ್ 13ರ ನಂತರ ತೆರೆದ ವೈಯಕ್ತಿಕ ಖಾತೆಯಾದರೆ, ಕನಿಷ್ಠ 12 ಮಂದಿ ಸತತ 14 ದಿನ ಮುಚ್ಚಿದ ಪರೀಕ್ಷೆಯಲ್ಲಿ, ಅಂದರೆ ಆಹ್ವಾನಿತರಷ್ಟೇ ಆ್ಯಪ್ ಬಳಸಿ ನೋಡುವ ಹಂತದಲ್ಲಿ, ಇರಬೇಕೆಂಬ ನಿಯಮವಿದೆ. ಆದ್ದರಿಂದ ಜನರನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ಅವರಲ್ಲಿ ಒಬ್ಬರಾದರೂ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಗೀಚುವವರಾಗಿರಲಿ. ಏನೂ ಹೇಳಿಕೊಡದೆ ಫೋನನ್ನು ಅವರ ಕೈಗಿತ್ತು ಪಕ್ಕದಲ್ಲಿ ಕುಳಿತು ನೋಡಿ. ಅವರ ಬೆರಳು ಎಲ್ಲಿ ತಡೆದು ನಿಲ್ಲುತ್ತದೋ ಆ ಜಾಗವನ್ನು ಅಂದೇ ತಿದ್ದಿ, ಮರುದಿನ ಮತ್ತೆ ಕೊಡಿ.